ಒಂದೇ ಜಿಪಿಎಸ್, ಎರಡು ಬೈಕು

ಜಿಪಿಎಸ್ ಒಂದು ಕೊಳ್ಳಬೇಕೋ ಎರಡೋ ಎಂಬುದೇ ಆಗ ನಮ್ಮ ಮನೆಯ ಜಗಳ. ಪೀಣ್ಯದಲ್ಲಿ ನನ್ನ ಗಂಡನದೊಂದು ಪುಟ್ಟ ಲೇತ್ ಶೆಡ್ಡು, ಪಕ್ಕದ ಬೀದಿಯ ಕಾರ್ಖಾನೆಯಲ್ಲಿ ನನಗೆ ಕೆಲಸ. ಭಾನುವಾರ ಬಂತೆಂದರೆ ಇಬ್ಬರೂ ಒಂದೊಂದು ಬೈಕು ಹತ್ತಿ, ಮಾಕಳಿ ದಾಟಿ, ಡಾಂಬರು ಬಿಟ್ಟು ಬಂಡಿದಾರಿಗೆ ಇಳಿಯುತ್ತಿದ್ದೆವು. ಫೋನಿನ ಮ್ಯಾಪಿಗೆ ಆ ದಾರಿಗಳ ಗಂಧಗಾಳಿ ಇರಲಿಲ್ಲ. ಬಿಸಿಲಿಗೆ ಪರದೆ ಕಾಣದು, ಗ್ಲೌಸು ಹಾಕಿದ ಬೆರಳಿಗೆ ಜಪ್ಪಯ್ಯ ಅಂದರೂ ಅಲುಗದು, ಕುಲುಕಾಟಕ್ಕೆ ಒಂದು ಸಲ ಫೋನೇ ಹಾರಿಹೋಯಿತು.

ಕೊನೆಗೆ ದಪ್ಪ ಗುಂಡಿಗಳಿರುವ, ಪೆನ್‌ಸೆಲ್ಲಿನಲ್ಲಿ ಓಡುವ ಜಿಪಿಎಸ್ ಒಂದನ್ನು ಆರಿಸಿದೆವು. ಒಮ್ಮೆ ಹೋದ ದಾರಿಯನ್ನು ಅದು ಚುಕ್ಕಿಚುಕ್ಕಿಯಾಗಿ ನೆನಪಿಟ್ಟುಕೊಳ್ಳುತ್ತಿತ್ತು. ಹ್ಯಾಂಡಲ್ಲಿಗೆ ಕೂರಿಸುವ ಹಿಡಿಯನ್ನು ಅವರೇ ಲೇತಿನಲ್ಲಿ ಕಡೆದರು.

"ನನ್ ಬೈಕಿಗೂ ಒಂದು ಇರ್ಲಿ ರೀ" ಎಂದೆ.

"ನಾನ್ ಮುಂದೆ ಇರ್ತೀನಲ್ಲೇ, ಹಿಂದೆ ಬಂದ್ರಾಯ್ತು ನೀನು."

ಮೈ ಉರಿದುಹೋಯಿತು. ಹಿಂದೆ ಬರುವವಳಿಗೆ ಕಾಣುವುದು ಧೂಳು, ಚುಕ್ಕಿಯಲ್ಲ. ಆ ಯಂತ್ರಕ್ಕೆ ತಾನೆಲ್ಲಿದ್ದೇನೆ ಎಂಬುದು ಚೆನ್ನಾಗಿ ಗೊತ್ತು, ಜೊತೆಗಿದ್ದವರು ಎಲ್ಲಿ ಉಳಿದರು ಎಂಬುದು ಗೊತ್ತಿಲ್ಲ.

ಒಂದು ಭಾನುವಾರ ನೀಲಗಿರಿ ತೋಪಿನಲ್ಲಿ ಆದದ್ದೂ ಅದೇ. ಹಿಂದಿನ ವಾರ ತಾವೊಬ್ಬರೇ ಹೋಗಿ ಗುರುತು ಮಾಡಿಟ್ಟಿದ್ದ ದಾರಿಯಲ್ಲಿ ಅವರು ಪರದೆ ನೋಡುತ್ತ ಸಲೀಸಾಗಿ ಹೋಗಿಬಿಟ್ಟರು. ಕನ್ನಡಿಯತ್ತ ಕಣ್ಣೇ ಹಾಯಿಸಲಿಲ್ಲ. ನಾನು ಕವಲಿನಲ್ಲಿ ಎಡವೋ ಬಲವೋ ಎಂದು ತಡವರಿಸಿ, ಬಲಕ್ಕೆ ಹೊರಳಿಸಿ, ಒಣ ಎಲೆಗಳ ಮೇಲೆ ಜಾರಿ ದೊಪ್ಪನೆ ಬಿದ್ದೆ. ಬೈಕು ಕಾಲ ಮೇಲೆ. ಕಾದ ಸೈಲೆನ್ಸರಿನ ಪಕ್ಕದಲ್ಲೇ ಪೆಟ್ರೋಲು ತೊಟ್ಟಿಕ್ಕಿ ಎಲೆ ನೆನೆಯುತ್ತಿತ್ತು. ಫೋನಿಗೆ ಸಿಗ್ನಲ್ ಇಲ್ಲ. ಅವರ ಗಾಡಿಯ ಸದ್ದು ದೂರವಾಗುತ್ತಿತ್ತು. ಪ್ರಾಣ ಬಾಯಿಗೆ ಬಂತು.

"ರೀ... ಏನ್ರೀ!" ಎಂದು ಕೂಗಿದೆ. ಅಡಿಗೆಮನೆಯಿಂದ ಹಜಾರಕ್ಕೆ ಮುಟ್ಟುವ ಕೂಗು ಅದು, ತೋಪು ದಾಟುವುದಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಮದುವೆಯ ದಿನ ಹೆಸರು ಹೇಳೆಂದು ನೆಂಟರು ಹೊಸ್ತಿಲಲ್ಲಿ ಅಡ್ಡಗಟ್ಟಿದ್ದಕ್ಕೆ ಒಮ್ಮೆ ಗೊಣಗಿದ್ದೆ, ಅಷ್ಟೇ. ಬೈಕು ಓಡಿಸುವವಳು ನಾನು, ಆದರೂ ಆ ಹೆಸರಿಗೆ ಮಾತ್ರ ನಾಲಿಗೆ ಹೊರಳದು.

ಅಷ್ಟರಲ್ಲಿ ಗಾಡಿಯ ಸದ್ದು ನಿಂತಿತು. ಪರದೆ ನೋಡಲು ಇಂಜಿನ್ ಆರಿಸಿರಬೇಕು. ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ ಅನ್ನಿಸಿತು. ಹೆಸರು ಹಿಡಿದು, ಏಕವಚನದಲ್ಲಿ, ಗಂಟಲು ಹರಿಯುವಂತೆ ಕೂಗಿದೆ. "ಎಲ್ಲಿ ಸತ್ತೆ, ಬಾರೋ!" ಎಂದೂ ಸೇರಿಸಿದೆ. ಮತ್ತೆ ಮತ್ತೆ ಕೂಗಿದೆ.

ಕೂಗಿನ ಜಾಡು ಹಿಡಿದು ಬಂದರು. ಹೆಲ್ಮೆಟ್ಟು ಕಿತ್ತೆಸೆದು, ಒಂದೇ ಉಸಿರಿಗೆ ಬೈಕು ಎತ್ತಿ ನನ್ನನ್ನು ಆಚೆಗೆ ಎಳೆದರು. ಕಾಲು ಊದಿತ್ತು, ಮುರಿದಿರಲಿಲ್ಲ. ಚೆನ್ನಾಗಿ ಉಗಿಯೋಣ ಎಂದು ಬಾಯಿ ತೆರೆದರೆ, ಅವರು ನೆಲದ ಮೇಲೆ ಕುಸಿದು ಕೂತಿದ್ದರು. ಕಣ್ಣು ಒದ್ದೆ. ಹೆಸರು ಹಿಡಿದದ್ದು ನೋಯಿಸಿತೇನೋ ಎಂದು ನನಗೇ ಅಳುಕಾಯಿತು.

"ಬಾಯಿಗೆ ಬಂದ್ಬಿಡ್ತು ರೀ, ಬೇಜಾರಾಯ್ತಾ?" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. "ಎಲ್ರಿಗೂ ನಾನು ಸಾರು, ಅಣ್ಣ, ರೀ. ಅಮ್ಮ ಹೋದ್ಮೇಲೆ ನನ್ನ ಯಾರೂ ಹಂಗೆ ಕರ್ದಿರ್ಲಿಲ್ಲ ಕಣೇ."