ನಿರಾಶ್ರಿತರ ಬೆನ್ನಿಗೆ ನಿಂತ ರೊಟ್ಟಿ ಬೋರವ್ವ

ಇಳಕಲ್ಲಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಬೋರವ್ವನ ಮನೆಯಲ್ಲಿ ಆಗಲೇ ರೊಟ್ಟಿ ಬಡಿಯುವ ಸದ್ದು ಶುರುವಾಗಿದೆ. ಜೋಳದ ಹಿಟ್ಟಿಗೆ ಕುದಿನೀರು ಸುರಿದು ನಾದುತ್ತಾರೆ, ಬಡಿಯುತ್ತಾರೆ, ಹಂಚಿಗೆ ಹಾಕಿ ನೀರು ಸವರುತ್ತಾರೆ. ಹೊತ್ತೇರುವುದರೊಳಗೆ ಇನ್ನೂರು ರೊಟ್ಟಿ ಆಗಬೇಕು. ಗಂಡ ಬೀರಲಿಂಗಪ್ಪ ಅವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಗ್ರಾನೈಟ್ ಪಾಲಿಶ್ ಮಾಡುವ ಸೆಡ್ಡುಗಳಿಗೆ ಮುಟ್ಟಿಸುತ್ತಾರೆ.

ಇವತ್ತು ಸೋಮವಾರ. ಬೋರವ್ವನ ಕೈ ಇನ್ನಷ್ಟು ಚುರುಕಾಗಿದೆ. ಕೆಲಸ ಮುಗಿಸಿ ಪೊಲೀಸ್ ಠಾಣೆಗೆ ಹೋಗಬೇಕು. ಅವರ ಮೇಲೆ ಯಾವ ಕೇಸೂ ಇಲ್ಲ. ವಾರಕ್ಕೊಮ್ಮೆ ಅಲ್ಲಿ ಹಾಜರಿ ಹಾಕಬೇಕಾದವನು ಅಯಾನ. ಅವನೊಬ್ಬನನ್ನೇ ಕಳಿಸಲು ಬೋರವ್ವನಿಗೆ ಮನಸ್ಸಿಲ್ಲ.

ಅಯಾನ ಮತ್ತು ಅವನ ಹೆಂಡತಿ ಸೆನೋವಾರಾ (ಇಬ್ಬರ ನಿಜ ಹೆಸರೂ ಬೇರೆ) ಮ್ಯಾನ್ಮಾರ್‌ನಲ್ಲಿ ಊರಿಗೆ ಬೆಂಕಿ ಬಿದ್ದಾಗ ಉಟ್ಟ ಬಟ್ಟೆಯಲ್ಲಿ ಓಡಿಬಂದವರು. ಅವರು ನಿರಾಶ್ರಿತರೆಂದು ವಿಶ್ವಸಂಸ್ಥೆ ಕೊಟ್ಟ ಕಾರ್ಡುಗಳಿವೆ. ಮೇಸ್ತ್ರಿಯೊಬ್ಬ ಅವರನ್ನು ಇಲ್ಲಿನ ಒಂದು ಸೆಡ್ಡಿಗೆ ಕೆಲಸಕ್ಕೆ ತಂದು ಹಾಕಿದ. ಮಾಲೀಕರು "ಜ್ವಾಪಾನಾಗಿ ಇಡ್ತೇನಿ" ಎಂದು ಕಾರ್ಡು ಇಸಿದುಕೊಂಡರು. ಮತ್ತೆ ಕೊಡಲಿಲ್ಲ. ಕಾರ್ಡಿಲ್ಲದೆ ಹೊರಗೆ ಕಾಲಿಡಲು ಹೆದರಿ ಇಬ್ಬರೂ ಸೆಡ್ಡಿನ ಹಿಂದಿನ ತಗಡಿನ ಖೋಲಿಯಲ್ಲೇ ಉಳಿದರು.

ಒಂದು ದಿನ ಗಂಡನ ಜೊತೆ ಆ ಸೆಡ್ಡಿಗೆ ಹೋದಾಗ ಬೋರವ್ವ ಮೊದಲು ಕಂಡದ್ದು ಸೆನೋವಾರಾಳನ್ನು. "ಬಸುರಿ ಹೆಂಗಸು, ಗ್ವಾಡಿ ಹಿಡಕೊಂಡು ನಿಂತಿದ್ಲ್ರಿ. ರೊಟ್ಟಿ ಕೊಟ್ಟೆ. ತಿನ್ನೂಕಿಂತ ಮೊದ್ಲ ನನ್ನ ಮಾರಿ ನೋಡಿದ್ಲು, ಬೈತಾಳೇನೋ ಅನ್ನೂ ಹಂಗ."

ಆ ನೋಟ ಬೋರವ್ವನಿಗೆ ಗೊತ್ತಿತ್ತು. ಅವರದು ಕೃಷ್ಣೆಯ ದಂಡೆಯಲ್ಲಿ ಕುರಿ ಸಾಕಿದ ಮನೆತನ. ಸಣ್ಣವರಿದ್ದಾಗಲೇ ಊರು ಹಿನ್ನೀರಿನಲ್ಲಿ ಮುಳುಗಿತು. "ಹೊಸ ಊರಾಗ ನಮಗ ನೀರು ಸೇದಾಕ ಬಿಡ್ಲಿಲ್ರಿ. ಮುಳುಗಡಿ ಮಂದಿ, ನಿಮ್ಮೂರಿಗೆ ಹೋಗಿ ಕುಡೀರಿ ಅಂದ್ರು. ನಮ್ಮೂರು ಎಲ್ಲಿತ್ತು? ಅದ ನೀರಾಗಿತ್ತಲ್ರಿ."

ಹೋದ ವರ್ಷ ಕಲ್ಲಿನ ಹಾಸು ಜಾರಿ ಅಯಾನನ ಬಲಗೈ ಮೇಲೆ ಬಿತ್ತು. ಎರಡು ಬೆರಳು ಹೋದವು. ಚಿಕಿತ್ಸೆ ಕೊಡಿಸಿರೆಂದು ಕೇಳಿದ್ದಕ್ಕೆ ಮಾಲೀಕರು ಬಾಯಿ ಮುಚ್ಚಿಕೊಂಡು ಜಾಗ ಖಾಲಿ ಮಾಡೆಂದರು. ಅವನು ಹೋಗಲಿಲ್ಲ. ಮರುದಿನವೇ ಕಾಗದಪತ್ರವಿಲ್ಲದ ಪರದೇಶಿಯೊಬ್ಬ ಇದ್ದಾನೆಂದು ಠಾಣೆಗೆ ಯಾರೋ ಸುದ್ದಿ ಮುಟ್ಟಿಸಿದರು. ಗಾಯದ ಕೈಗೆ ಬಟ್ಟೆ ಕಟ್ಟಿಕೊಂಡಿದ್ದಂತೆಯೇ ಪೊಲೀಸರು ಅಯಾನನನ್ನು ಕರೆದೊಯ್ದರು.

ಸೆನೋವಾರಾ ಓಡಿಬಂದದ್ದು ಬೋರವ್ವನ ಮನೆಗೆ. ಬೋರವ್ವ ಹಂಚು ಇಳಿಸಿ ಠಾಣೆಗೆ ಹೋದರು. ಅಧಿಕಾರಿ ಗದರಲಿಲ್ಲ. "ಅವನ ಕಾಗದ ತೋರಸವ್ವ, ನೋಡೋಣು. ಇಲ್ಲಂದ್ರ ಮ್ಯಾಲಿನವರಿಗೆ ಕಳಸ್ಬೇಕಾಗ್ತೈತಿ" ಎಂದರು. ಮೇಲಕ್ಕೆ ಹೋದವನು ತಿರುಗಿ ಬರುವುದು ಖಾತ್ರಿಯಿಲ್ಲ. ಬೋರವ್ವ ಹುನಗುಂದದ ವಕೀಲೆ ಅನುರಾಧಾ ಅವರಿಗೆ ಫೋನ್ ಮಾಡಿ, ರೊಟ್ಟಿ ಹೇರಿದ್ದ ಗಂಡನ ಟಂಟಂ ಹತ್ತಿ ನೇರ ಸೆಡ್ಡಿಗೆ ಹೋದರು.

ಊಟದ ಹೊತ್ತು. ಕೆಲಸಗಾರರು ತಾಟು ಹಿಡಿದು ಕೂತಿದ್ದರು. ಬೋರವ್ವ ರೊಟ್ಟಿಯ ಬುಟ್ಟಿ ಕೆಳಗಿಳಿಸಲಿಲ್ಲ.

"ಸಾವ್ಕಾರ್ರ, ಅಯಾನನ ಕಾರ್ಡು ಕೊಡ್ರಿ."

"ನಿನಗ್ಯಾಕ ಬೇಕವ್ವಾ ಪರದೇಶದವರ ಉಸಾಬರಿ? ರೊಟ್ಟಿ ಇಟ್ಟು ಹೋಗು."

"ಕಾರ್ಡು ಕೊಡೂತನಾ ಇಡಂಗಿಲ್ರಿ."

ಮಾಲೀಕರು ನಕ್ಕರು. ಆಗ ಕಲ್ಲು ಕೊರೆಯುವ ಈರಪ್ಪ ಎಂಬ ಹಿರಿಯ ಕೆಲಸಗಾರ ತನ್ನ ಖಾಲಿ ತಾಟನ್ನು ಬೋರಲು ಹಾಕಿದ. "ನಾಳೆ ನನ್ನ ಕೈ ಹೋದ್ರೂ ಹಿಂಗ ಮಾಡವ್ರೇನ್ರಿ?" ಎಂದ. ಪಕ್ಕದವರೂ ತಾಟು ಬೋರಲು ಹಾಕಿದರು. ಮಧ್ಯಾಹ್ನದ ಮಷಿನ್ನು ಶುರುವಾಗುವ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕೊನೆಗೆ ಟೇಬಲ್ಲಿನ ಖಾನೆಯಿಂದ ಕಾರ್ಡುಗಳು ಹೊರಬಂದವು.

ಸಂಜೆ ಠಾಣೆಯಲ್ಲಿ ಅನುರಾಧಾ ಅಯಾನನ ಪರ ಮಾತಾಡಿದರು. ಈಗ ಅದನ್ನು ನೆನೆದು, "ನಮ್ಮಲ್ಲಿ ನಿರಾಶ್ರಿತರಿಗಂತ ಬ್ಯಾರೆ ಕಾಯ್ದೆ ಇಲ್ಲ. ಆದ್ರ ಜೀವದ ಹಕ್ಕು ಈ ನೆಲದ ಮ್ಯಾಲಿದ್ದ ಎಲ್ಲಾರಿಗೂ ಐತಿ. ಆವತ್ತು ಬೋರವ್ವ ಕಾರ್ಡು ತರದಿದ್ರ ನನ್ನ ಮಾತು ಬರೇ ಮಾತಾಗಿ ಉಳೀತಿತ್ತು" ಎನ್ನುತ್ತಾರೆ. ಪ್ರತಿ ಸೋಮವಾರ ಠಾಣೆಗೆ ಬರಬೇಕೆಂಬ ಕರಾರಿನ ಮೇಲೆ ಪೊಲೀಸರು ಅಯಾನನನ್ನು ಬಿಟ್ಟರು.

ಆ ಸೆಡ್ಡಿನ ಗೇಟು ಬೋರವ್ವನಿಗೆ ಮುಚ್ಚಿತು. ಓಣಿಯ ಕೆಲವರು ಮಾತು ಬಿಟ್ಟಿದ್ದಾರೆ. ಬೀರಲಿಂಗಪ್ಪನೂ ಮೊದಮೊದಲು ಸಿಡುಕಿದವರೇ. ಸೆನೋವಾರಾಗೆ ಹೆರಿಗೆ ನೋವು ಬಂದ ದಿನ ಟಂಟಂ ಓಡಿಸಿದ್ದನ್ನು ಈಗ ತಾವೇ ಹೇಳಿಕೊಳ್ಳುತ್ತಾರೆ. ದವಾಖಾನೆಯಲ್ಲಿ ಆಧಾರ್ ಕೇಳಿದಾಗ ಬೋರವ್ವ, "ಕೂಸು ಆಧಾರ್ ಕೇಳಿ ಹೊರಗ ಬರ್ತೈತೇನ್ರಿ? ಮೊದ್ಲ ಒಳಗ ಕರ್ಕೋರಿ" ಎಂದರಂತೆ. ಹೆಣ್ಣು ಕೂಸು. ಓಡಾಡಿ ಅದಕ್ಕೆ ಜನನ ಪ್ರಮಾಣಪತ್ರ ಕೊಡಿಸಿದ್ದೂ ಅವರೇ. ಅಯಾನ ಈಗ ಬೇರೆಡೆ ಕಾವಲು ಕೆಲಸ ಮಾಡುತ್ತಾನೆ. ನಾಳೆ ಮೇಲಿನಿಂದ ಏನು ಆದೇಶ ಬರುತ್ತದೋ ಯಾರಿಗೂ ಗೊತ್ತಿಲ್ಲ. ಅದು ಬೋರವ್ವನಿಗೂ ಗೊತ್ತು.

ಠಾಣೆಯಿಂದ ಮರಳಿದ ಬೋರವ್ವ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಾರೆ. ಪತ್ರಿಕೆಯಲ್ಲಿ ಹೆಸರು ಬರುವುದು ಬೇಡವೇನೋ ಎಂದು ಕೇಳಿದರೆ ಸೆರಗಿನಿಂದ ಬಾಯಿ ಒರೆಸಿಕೊಂಡು ನೆಟ್ಟಗೆ ಕೂರುತ್ತಾರೆ.

"ಯಾಕ ಬ್ಯಾಡ್ರಿ? ನನ್ನ ಹೆಸರು ಹಾಕ್ರಿ, ಫೋಟೋನೂ ಹಾಕ್ರಿ. ಸಿಟ್ಟು ಬಂದವ್ರು ನನ್ನ ಮನಿಗೇ ಬರ್ಲಿ. ಆ ಗಂಡ ಹೆಂಡ್ತಿ ಯಾವ ಓಣ್ಯಾಗ ಅದಾರ ಅಂತ ಮಾತ್ರ ಬರೀಬ್ಯಾಡ್ರಿ."