ಟೈಲರಮ್ಮ ಕಿರಿದು ಮಾಡಿದ ಪರದೆ

ಮನೆಯಲ್ಲೇ ಹೊಲಿಗೆ ಹಾಕುವ ಅವಳನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಗಂಡ ಪುಸ್ತಕಗಳ ಕರಡು ತಿದ್ದುವವರು. ಮೂವತ್ತು ವರ್ಷ, ಕಂಡವರ ತಪ್ಪನ್ನೆಲ್ಲ ಹೆಕ್ಕಿದ ಮನುಷ್ಯ. ಹೆಂಡತಿ ಬರೆದ ಸಾಮಾನಿನ ಚೀಟಿಯನ್ನೂ ತಿದ್ದದೆ ಅಂಗಡಿಗೆ ಹೋದವರಲ್ಲ. ಅಂಥವರ ತಲೆಯೊಳಗೆ ಒಂದು ದಿನ ರಕ್ತನಾಳ ಒಡೆಯಿತು. ಕೈಕಾಲು ಹೇಗೋ ಸುಧಾರಿಸಿದವು, ಮಾತೂ ಬಂತು. ಆದರೆ ಎಡಗಡೆಯೆಂಬುದೇ ಅವರ ಪಾಲಿಗೆ ಇಲ್ಲವಾಯಿತು. ಕಣ್ಣು ಸರಿಯಿದೆ, ಮಿದುಳಿಗೆ ಆ ಕಡೆಯ ಗಮನ ಹೋಗಿದೆ ಎಂದರು ಡಾಕ್ಟರು. ತಟ್ಟೆಯ ಬಲ ಅರ್ಧ ಉಂಡು, “ಇಷ್ಟೇನಾ?” ಎನ್ನುವರು. ಗಡ್ಡ ಬೋಳಿಸಿಕೊಳ್ಳುವುದೂ ಅರ್ಧವೇ.

ಅದನ್ನೆಲ್ಲ ನಕ್ಕು ಸಹಿಸಬಹುದಿತ್ತು. ಕಂಪ್ಯೂಟರಿನ ಮುಂದೆ ಕೂತು ಪ್ರತಿ ಸಾಲನ್ನೂ ನಡುವಿನಿಂದ ಓದಿ, ಬರೆದವನನ್ನು ಬೈದು, ಆಮೇಲೆ ಮುಖ ಮುಚ್ಚಿಕೊಂಡು ಅತ್ತದ್ದನ್ನು ಅವಳಿಂದ ನೋಡಲಾಗಲಿಲ್ಲ. ಓದು ಹೋದರೆ ಈ ಮನುಷ್ಯ ಬದುಕುವುದಿಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಅದು ಲಿನಕ್ಸ್ ಕಂಪ್ಯೂಟರು, ಗಂಡ ಹಟ ಹಿಡಿದು ಹಾಕಿಸಿಕೊಂಡದ್ದು. ಅವಳಿಗೆ ಅದರ ಗಂಧಗಾಳಿ ಇರಲಿಲ್ಲ. ಫೋನಿನಲ್ಲಿ ತಡಕಾಡಿ, ಒಂದು ಮಾನಿಟರನ್ನು ಎರಡೆಂದು ಯಂತ್ರಕ್ಕೆ ನಂಬಿಸುವ ಆಜ್ಞೆಯೊಂದನ್ನು ಹುಡುಕಿದಳು. ಆ ಸಾಲಿನಲ್ಲಿ ಪಿಕ್ಸೆಲ್ಲಿನ ಪಕ್ಕದಲ್ಲೇ ಮಿಲಿಮೀಟರ್ ಲೆಕ್ಕವನ್ನೂ ಕೊಡಬೇಕಿತ್ತು. ಅದನ್ನು ಕಂಡು ಹೋದ ಜೀವ ಬಂದಂತಾಯಿತು. ಕೊರಳಲ್ಲಿದ್ದ ಟೇಪು ತೆಗೆದು ಪರದೆ ಅಳೆದಳು. ಮೂರು ಸಲ ಎಡವಟ್ಟಾಯಿತು. ನಾಲ್ಕನೆಯ ಸಲ ಎಡ ಅರ್ಧ ಖಾಲಿಯಾಗಿ, ಪುಟವೆಲ್ಲ ಬಲ ಅರ್ಧದಲ್ಲಿ ಕೂತಿತು.

“ಅಲ್ಪವಿರಾಮ ನುಂಗಿದಾನೆ ನೋಡೇ,” ಎಂದರು ಗಂಡ, ಸಾಲನ್ನು ಮೊದಲಿಂದ ಓದಿ. ಅವಳು ಅಡುಗೆಮನೆಗೆ ಹೋಗಿ ಅತ್ತು ಬಂದಳು.

ಹದಿನೈದು ದಿನಕ್ಕೆ ಮತ್ತೆ ಮೊದಲ ಪದಗಳು ತಪ್ಪತೊಡಗಿದವು. ಅಂಗಿ ಸಡಿಲವಾದರೆ ಪಕ್ಕ ಹಿಡಿದು ಹೊಲಿಯುವವಳು ಪರದೆಯನ್ನೂ ಹಾಗೇ ಹಿಡಿದಳು. ಎರಡು ಬೆರಳು, ಮತ್ತೆರಡು ಬೆರಳು. ಊಟ, ನೀರು, ಕೊನೆಗೆ ತಾನೂ ಅವರ ಬಲಕ್ಕೇ ಬಂದು ನಿಂತಳು. ಮೂರನೆಯ ತಿಂಗಳಿಗೆ ಪುಟ ಅಂಗೈಯಗಲ ಉಳಿದಿತ್ತು.

ಆಸ್ಪತ್ರೆಯಿಂದ ಥೆರಪಿಯಾಕೆ ಬರುವ ಸರದಿ ಸಿಕ್ಕಿದ್ದು ಆಗಲೇ. ಆಕೆ ಪರದೆ ನೋಡಿದಳು.

“ಇದನ್ನ ಯಾರಮ್ಮ ಮಾಡಿದ್ದು?”

“ನಾನೇ,” ಎಂದಳು ಟೈಲರಮ್ಮ, ತುಸು ಜಂಬದಿಂದಲೇ.

“ಎಡಕ್ಕೆ ಹುಡುಕಿದ್ರೆ ತಾನೇ ಅವರಿಗೆ ಎಡ ಸಿಗೋದು? ಆ ಹುಡುಕಾಟನೇ ನೀವು ತಪ್ಪಿಸಿಬಿಟ್ಟಿದೀರಿ. ಮೊದಲ ತಿಂಗಳುಗಳೇ ಮುಖ್ಯ. ಇನ್ನು ಎಷ್ಟು ವಾಪಸ್ ಬರುತ್ತೋ ಹೇಳೋಕಾಗಲ್ಲ. ಇವತ್ತಿಂದ ಪರದೆ ಪೂರ್ತಿ ಬಿಡಿ. ನೀವೂ ಎಡಕ್ಕೇ ಕೂತ್ಕೊಳ್ಳಿ.”

ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಪ್ರೀತಿಯಿಂದ ಕೆಡಿಸಿದವಳಿಗೆ ಹೇಳುವ ಗಾದೆಯನ್ನು ಯಾರೂ ಮಾಡಿಟ್ಟಿಲ್ಲ.

ಆಕೆ ಹೋದ ಮೇಲೆ ಟೈಲರಮ್ಮ ತನ್ನ ಅಳತೆಗಳನ್ನೆಲ್ಲ ಅಳಿಸಿದಳು. ಪುಟ ಪರದೆಯ ತುಂಬ ಹರಡಿತು. ಕುರ್ಚಿ ಎಳೆದು ಗಂಡನ ಎಡಕ್ಕೆ ಕೂತಳು, ಮೊಣಕೈ ತಾಗುವಷ್ಟು ಹತ್ತಿರ.

“ಇದೇನೇ ಇದು, ಮತ್ತೆ ಎಲ್ಲ ಹರಿದೋಗಿದೆ,” ಎಂದರು ಅವರು. “ಎಲ್ಲಿ ಹೋದೆ?”

“ಇಲ್ಲೇ ಇದೀನ್ರೀ. ಹುಡುಕಿ.”

ಅವರು ಬಲಕ್ಕೆ ತಿರುಗಿದರು. ಇನ್ನೂ ಬಲಕ್ಕೆ ತಿರುಗಿ, ಖಾಲಿ ಬಾಗಿಲನ್ನು ನೋಡಿದರು.

“ಬೇಗ ಬಾರೇ. ನಂಗೊಬ್ಬನಿಗೇ ಆಗ್ತಿಲ್ಲ.”

ಅವರ ಬಲಕ್ಕೆ ಎರಡೇ ಹೆಜ್ಜೆ. ಅವಳು ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು.