ಕಂದಕದಲ್ಲಿ ಲೂರ್ದುಸ್ವಾಮಿ

ಗುರಿ ಹೊಡೆದು ಪದಕ ಗೆದ್ದವರ ಫೋಟೊ ಪೇಪರಿನಲ್ಲಿ ಬರುತ್ತದೆ. ಗುರಿಹಲಗೆಯ ಬುಡದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವರದ್ದು ಬರುವುದಿಲ್ಲ. ಮೈಸೂರಿನ ನಜರ್‌ಬಾದಿನ ಲೂರ್ದುಸ್ವಾಮಿಗೆ ಅದರ ಬೇಸರವೇನೂ ಇರಲಿಲ್ಲ ಬಿಡಿ, ಅವನ ಸಂಕಟವೇ ಬೇರೆ.

ಬೆಟ್ಟದ ಹಿಂಬದಿಯಲ್ಲಿ ಒಂದು ರೈಫಲ್ ಕ್ಲಬ್ಬು. ಈ ತುದಿಯಲ್ಲಿ ಶೂಟರ್‌ಗಳು ಮಲಗಿ ಗುರಿಯಿಡುತ್ತಾರೆ. ಆ ತುದಿಯಲ್ಲಿ ಮಣ್ಣಿನ ದಿಬ್ಬ, ಅದರ ಮುಂದೆ ಹಲಗೆಗಳು, ಹಲಗೆಗಳ ಬುಡದಲ್ಲಿ ಆಳುದ್ದದ ಕಂದಕ. ಅದನ್ನು ತೋಡುವ ಕೂಲಿಗೆಂದು ಬಂದ ಲೂರ್ದುಸ್ವಾಮಿ ಅದರಲ್ಲೇ ಉಳಿದುಬಿಟ್ಟ, ಹರೆಯವೆಲ್ಲ ಅಲ್ಲೇ ಕಳೆಯಿತು. ನೆತ್ತಿಯ ಮೇಲೆ ಗುಂಡು ಹಾರುವಾಗ ಒಳಗೆ ಕುಕ್ಕರಗಾಲಲ್ಲಿ ಕೂತಿರಬೇಕು. ಎಲ್ಲರೂ ಬಂದೂಕು ಕೆಳಗಿಟ್ಟ ಮೇಲೆ ಕ್ಲಬ್ಬಿನ ರೇಂಜ್ ಆಫೀಸರ್ ಮೃತ್ಯುಂಜಯ ಉದ್ದನೆಯ ಸೀಟಿ ಊದುತ್ತಾರೆ. ಆಗ ಕೆಂಪು ಬಾವುಟ ನೆಟ್ಟು, ಮೇಲೆ ಹತ್ತಿ, ಹಲಗೆಯ ತೂತುಗಳಿಗೆ ಮೈದಾ ಗೋಂದಿನಲ್ಲಿ ಕಾಗದದ ತೇಪೆ ಹಚ್ಚಿ ಮತ್ತೆ ಇಳಿಯಬೇಕು. ಅಷ್ಟೇ ಕೆಲಸ. ಆದರೆ ಸೀಟಿ ಕೇಳಬೇಕಲ್ಲ!

ವರ್ಷಗಟ್ಟಲೆ ಢಂ ಢಂ ಕೇಳಿದ ಕಿವಿ ಮೆಲ್ಲಗೆ ಕೈಕೊಟ್ಟಿತ್ತು. ಇದ್ದದ್ದು ಕೇಳದಿದ್ದರೆ ಹೇಗೋ ಆಗುತ್ತಿತ್ತು, ಈಗೀಗ ಇಲ್ಲದ್ದೂ ಕೇಳತೊಡಗಿತ್ತು. ಕಿವಿಯೊಳಗೇ ಸುಂಯ್ ಎಂದು ಸಣ್ಣಗೆ ಶುರುವಾಗಿ ಸೀಟಿಯಾಗಿ ಏರುತ್ತಿತ್ತು. ಒಂದು ದಿನ ಕುಕ್ಕರ್ ಕೂಗಿತೆಂದು ಓಡಿಹೋಗಿ ನೋಡುತ್ತಾನೆ, ಒಲೆಯ ಮೇಲೆ ಕುಕ್ಕರೇ ಇಲ್ಲ. ಹೆಂಡತಿ ಫಿಲೋಮಿನಾ ಮೊದಲು ನಕ್ಕಳು, ಆಮೇಲೆ ಹೆದರಿದಳು. ಇವರ ಜೊತೆ ಮಾತಾಡುವುದೆಂದರೆ ಕಿವುಡನ ಮುಂದೆ ಶಂಖ ಊದಿದ ಹಾಗೆ ಎಂದು ಗೊಣಗುತ್ತಿದ್ದವಳು ಅಂದಿನಿಂದ ಒಂದೇ ಹಟ ಹಿಡಿದಳು: ಸಾಹೇಬರಿಗೆ ಹೇಳಿಬಿಡಿ. ಹೇಳುವುದು ಹೇಗೆ? ಸೀಟಿ ಕೇಳದವನನ್ನು ಕಂದಕದಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಈ ವಯಸ್ಸಿನಲ್ಲಿ ಕರೆದು ಕೆಲಸ ಕೊಡಲು ಇವನೇನು ಅರಮನೆಯ ಬೀಗನೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದ.

ಇಷ್ಟು ದಿನ ಅವನನ್ನು ಕಾಪಾಡಿದ್ದು ಜೊತೆಗಾರ ಸಿದ್ದಲಿಂಗಸ್ವಾಮಿಯ ಕಿವಿ. ಆತ ಎದ್ದರೆ ಇವನೂ ಏಳುತ್ತಿದ್ದ. ಆತ ಮಂಡಿನೋವೆಂದು ಕೆಲಸ ಬಿಟ್ಟ. ಅವನ ಜಾಗಕ್ಕೆ ಅಶೋಕಪುರಂನ ಬೆಟ್ಟಯ್ಯ ಬಂದ, ಮೊನ್ನೆಮೊನ್ನೆ ತಂದೆಯಾದವನು. ಬಂದ ದಿನವೇ ಕೈ ಮುಗಿದ.

"ನಂಗೇನೂ ಗೊತ್ತಿಲ್ಲ ಕಣಣ್ಣ. ನೀವು ಹತ್ತು ಅಂದ್ರೆ ಹತ್ತೋದು, ಇಳಿ ಅಂದ್ರೆ ಇಳಿಯೋದು."

ಕೆಟ್ಟಿತು ಎಂದುಕೊಂಡ ಲೂರ್ದುಸ್ವಾಮಿ. ಯಾರನ್ನು ನೋಡಿ ಏಳಬೇಕೆಂದಿದ್ದನೋ ಅವನೇ ಇವನ ಮುಖ ನೋಡುತ್ತಾ ಕೂತಿದ್ದ!

ಡಿಸೆಂಬರ್ ತಿಂಗಳು, ಎಲ್ಲೋ ಸಮುದ್ರದಲ್ಲಿ ಸೈಕ್ಲೋನು, ಮೈಸೂರಿನಲ್ಲಿ ಬೆಳಗಿನಿಂದ ಬಿಡದ ಜಡಿಮಳೆ. ಸ್ಪರ್ಧೆಯ ದಿನವಾದ್ದರಿಂದ ಮಳೆಯೆಂದು ನಿಲ್ಲಿಸುವ ಹಾಗಿಲ್ಲ. ಕಂದಕದಲ್ಲಿ ಪಾದ ಮುಳುಗುವಷ್ಟು ನೀರು. ತೇಪೆಗಳು ನೆನೆಯದಂತೆ ಅಂಗಿಯೊಳಗೆ ತುರುಕಿಕೊಂಡು ಇಬ್ಬರೂ ಚಳಿಗೆ ಹಲ್ಲು ಕಟಕಟಿಸುತ್ತಿದ್ದರು. ಬೆಟ್ಟಯ್ಯ ಮಂಕಿಕ್ಯಾಪನ್ನು ಕಿವಿ ಮುಚ್ಚುವಂತೆ ಎಳೆದುಕೊಂಡಿದ್ದ. ಇದ್ದಕ್ಕಿದ್ದಂತೆ ಗುಂಡಿನ ಸದ್ದು ನಿಂತಿತು. ಮುಗಿಯಿತೋ, ಬಂದೂಕಿನ ನೀರು ಒರೆಸಿಕೊಳ್ಳುತ್ತಿದ್ದಾರೋ, ಯಾವ ದೇವರಿಗೆ ಗೊತ್ತು. ಲೂರ್ದುಸ್ವಾಮಿ ಕಿವಿಗೊಟ್ಟು ಕೂತ. ಸೀಟಿ ಎದ್ದಿತು. ಹೊರಗಿನದೋ ಒಳಗಿನದೋ? ಹೋದ ವಾರ ಹತ್ತುವುದು ತಡವಾಗಿ ಮೃತ್ಯುಂಜಯ ರೇಗಿದ್ದರು. ಇನ್ನೊಮ್ಮೆ ತಡವಾದರೆ ಗುಟ್ಟು ರಟ್ಟಾಗುತ್ತದೆಂಬ ದಿಗಿಲು ಹಿಂದಿನಿಂದ ನೂಕಿತು. ಬಾವುಟ ಎತ್ತಿ ನೆಟ್ಟ.

"ಹತ್ತು," ಎಂದ.

ಬೆಟ್ಟಯ್ಯ ತನಗೆ ಸೀಟಿ ಕೇಳಿಸಲಿಲ್ಲವೆಂದ. ಕಿವಿಗೆ ಉಣ್ಣೆ ತುರುಕಿಕೊಂಡರೆ ಹೇಗೆ ಕೇಳುತ್ತದೆ ಎಂದು ಲೂರ್ದುಸ್ವಾಮಿ ಗದರಿದ. ಪಾಪ, ಅವನು ಹತ್ತಿದ. ನೆನೆದ ಬಾವುಟ ಕೋಲಿಗೆ ಅಂಟಿಕೊಂಡು ತೊಟ್ಟಿಕ್ಕುತ್ತಿತ್ತು. ಆ ಮಬ್ಬಿನಲ್ಲಿ ಅದಾಗಲಿ, ಹಲಗೆಯ ಬದಿಗೆ ಹತ್ತಿದವನಾಗಲಿ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಬೆಟ್ಟಯ್ಯನ ಭುಜದ ಪಕ್ಕ ಹಲಗೆಯ ಚಕ್ಕೆ ಸಿಡಿಯಿತು. ಲೂರ್ದುಸ್ವಾಮಿ ಅವನ ಕಾಲು ಹಿಡಿದು ಎಳೆದ, ಇಬ್ಬರೂ ಕೆಸರಿಗೆ ಬಿದ್ದರು. ಸ್ವೆಟರಿನ ತೋಳು ಹರಿದಿತ್ತು. ರಕ್ತ ಎಲ್ಲಿ, ರಕ್ತ ಎಲ್ಲಿ ಎಂದು ಲೂರ್ದುಸ್ವಾಮಿ ಅವನ ಮೈಯೆಲ್ಲ ತಡವಿದ. ಬೆಟ್ಟಯ್ಯನ ಬಾಯಿ ಆಡುತ್ತಿತ್ತು, ಇವನಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ. ರಕ್ತವಿರಲಿಲ್ಲ. ಮರಿಯಮ್ಮ ತಾಯೇ ಎಂದು ಲೂರ್ದುಸ್ವಾಮಿ ಅಲ್ಲೇ ಅತ್ತುಬಿಟ್ಟ.

ಶೂಟಿಂಗ್ ನಿಲ್ಲಿಸಿ ಮೃತ್ಯುಂಜಯ ಓಡಿಬಂದರು. ಇಬ್ಬರನ್ನೂ ಮೇಲಕ್ಕೆ ಕರೆದು, ಯಾವನು ಹತ್ತಿದ್ದು ಎಂದು ಮುಖಕ್ಕೆ ಮುಖ ಕೊಟ್ಟು ಕೂಗಿದರು.

"ನಾನೇ ಸಾರ್," ಬೆಟ್ಟಯ್ಯ ಅರಚಿದ. "ಟೋಪಿ ಹಾಕ್ಕೊಂಡ್ಬುಟ್ಟಿದ್ದೆ. ಸರಿಯಾಗಿ ಕೇಳಿಸ್ಲಿಲ್ಲ."

ಅವನು ಅದನ್ನೇ ನಂಬಿದ್ದ. ನಾಳೆಯಿಂದ ಇತ್ತ ತಲೆಹಾಕಬೇಡ ಎಂದು ಅವನ ಮೇಲೆ ಕಿರುಚಿದರು ಮೃತ್ಯುಂಜಯ. ಲೂರ್ದುಸ್ವಾಮಿ ಬಾಯಿ ಮುಚ್ಚಿಕೊಂಡಿದ್ದರೆ ತನ್ನ ಕೆಲಸ ಉಳಿಯುತ್ತಿತ್ತು. ಅವನಿಂದ ಆಗಲಿಲ್ಲ.

"ಹತ್ತು ಅಂದಿದ್ದು ನಾನು ಸಾರ್. ಸೀಟಿ ಕೇಳ್ತು."

ಮೃತ್ಯುಂಜಯ ಅವನನ್ನೇ ದಿಟ್ಟಿಸಿದರು. ತಾವು ಸೀಟಿ ಊದಿಯೇ ಇಲ್ಲ ಎಂದರು. ಆಮೇಲೆ ಸಿಟ್ಟು ತಗ್ಗಿಸಿ, ಅವನ ಕಿವಿಯ ಹತ್ತಿರ ಬಂದು ಬಿಡಿಸಿ ಬಿಡಿಸಿ ಹೇಳಿದರು:

"ಆ ಕಡೆ ತಿರುಗಿ ನಿಂತ್ಕೊಳ್ಳಿ. ಊದ್ತೀನಿ. ಕೇಳಿದ ತಕ್ಷಣ ಕೈ ಎತ್ತಿ."

ಲೂರ್ದುಸ್ವಾಮಿ ಹಲಗೆಗಳ ಕಡೆ ತಿರುಗಿ ನಿಂತ. ಕುತ್ತಿಗೆಯಿಂದ ಬೆನ್ನಿಗೆ ಮಳೆನೀರು ಇಳಿಯುತ್ತಿತ್ತು. ಇದೊಂದು ಸಲ ಸರಿಯಾಗಿ ಕೇಳಿಸಿಬಿಡಲಿ, ಇನ್ನೇನೂ ಬೇಡ ಎಂದು ಹರಸಿಕೊಂಡ. ಮೊದಲು ಏನೂ ಇಲ್ಲ. ಆಮೇಲೆ ಬಂತು, ಉದ್ದಕ್ಕೆ, ಸ್ಪಷ್ಟವಾಗಿ. ದೇವರು ದೊಡ್ಡವನು! ಕೈ ಎತ್ತಿ, ಸಮಾಧಾನದಿಂದ ಹಿಂದೆ ತಿರುಗಿದ.

ಸೀಟಿ ಮೃತ್ಯುಂಜಯರ ಎದೆಯ ಮೇಲೆ ದಾರದಲ್ಲಿ ತೂಗುತ್ತಿತ್ತು. ಅವರು ಅದನ್ನು ಮುಟ್ಟಿಯೂ ಇರಲಿಲ್ಲ. ಬೆಟ್ಟಯ್ಯ ತಲೆಯ ಟೋಪಿ ಕಿತ್ತು, ಲೂರ್ದುಸ್ವಾಮಿಯ ಎತ್ತಿದ ಕೈಯನ್ನೇ ನೋಡುತ್ತಾ, ಅವನಿಂದ ದೂರಕ್ಕೆ ಸರಿದು ನಿಂತ.